ಗಲ್ಲಾದ ಪಕ್ಕ ಕೂತು ಕಾಫಿ ಕುಡಿದವರು

ಹೋದ ವಾರ ನಮ್ಮ ಹೋಟೆಲಿನವರ ಮಂಡಳಿಯ ಆನ್‌ಲೈನ್ ಬಳಗದಲ್ಲಿ ಒಂದು ಸಂದೇಶ ಬಂತು. “ಈ ತಿಂಗಳ ಸಭೆಗೆ ನೋಂದಣಿ ತಾನಾಗಿ ಆಯಿತು. ಬಂದವರು ತಾವಾಗಿ ತಮ್ಮ ತಮ್ಮ ಗುಂಪು ಸೇರಿದರು. ಯಾರೂ ನನಗೆ ಫೋನ್ ಮಾಡಲಿಲ್ಲ. ಅಂದರೆ ನನ್ನ ಕೆಲಸ ಮುಗಿಯಿತು. ಎಲ್ಲರಿಗೂ ನಮಸ್ಕಾರ.” ಕೆಳಗೆ ಹೂವು, ಕೈಮುಗಿದ ಚಿತ್ರ, ಇನ್ನಷ್ಟು ಹೂವು. ನಮ್ಮ ಜನ ಅಷ್ಟಕ್ಕೇ ಬಿಟ್ಟರು. ನನಗೆ ಬಿಡಲಾಗಲಿಲ್ಲ. ಆ ಸಂದೇಶ ಬರೆದಂಥವರನ್ನು ಹತ್ತಿರದಿಂದ ಕಂಡವನು ಕಾಣದವರಿಗೆ ಹೇಳದೆ ಸುಮ್ಮನೆ ಕೂತರೆ ಅದು ಇಬ್ಬರಿಗೂ ಲುಕ್ಸಾನು.

ಹೆಸರು ಬರೆಯುವುದಿಲ್ಲ. ಬರೆಯಲೇ ಎಂದು ಕೇಳಿದ್ದಕ್ಕೆ ಅವರು, “ಬೇಡ ಸಾಹೇಬ್ರೇ, ಹೆಸ್ರು ಹಾಕಿದ್ರೆ ಜನ ಫೋನ್ ಮಾಡ್ತಾರೆ. ಫೋನ್ ಬರಬಾರ್ದು ಅಂತ್ಲೇ ಅಲ್ವಾ ಇಷ್ಟು ದಿನ ಒದ್ದಾಡಿದ್ದು” ಎಂದರು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಇಲ್ಲಿಯೂ ಹಾಗೇ ಇರಲಿ.

ನಾನು ಹುಬ್ಬಳ್ಳಿ ಕಡೆಯವನು. ಮುಂಬಯಿಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಹೋಟೆಲುಗಳ ಹಳೆಯ ಸಾಮಾನು ಕೊಂಡು, ರಿಪೇರಿ ಮಾಡಿ, ಮಾರುವುದು ನನ್ನ ಕಸುಬು. ಗ್ರೈಂಡರ್, ದೋಸೆ ಹಂಚು, ಇಡ್ಲಿ ಸ್ಟೀಮರ್, ಫ್ರೀಜರ್. ಮನೆಯಲ್ಲಿ ದಖನಿ ಉರ್ದು, ಎಸ್ಟೇಟಿನಲ್ಲಿ ಹಿಂದಿ, ಗಿರಾಕಿ ನಮ್ಮವರಾದರೆ ಕನ್ನಡ. ಯಾರೂ ಕೈಹಿಡಿದು ಕಲಿಸಿದ ವಿದ್ಯೆಯಲ್ಲ ಇದು. ಎದುರಿನವನ ಮುಖ ನೋಡಿ ದರ ಹೇಳುವುದನ್ನು ನಾನೇ ಕಲಿತೆ. ಆ ನನ್ನ ವಿದ್ಯೆ ಮೊದಲ ಸಲ ಕೆಲಸಕ್ಕೆ ಬಾರದೆ ಹೋದದ್ದು ಮೇಡಂ ಎದುರಿಗೆ.

ಪವಾಯಿಯ ತಮ್ಮ ಮನೆಗೆ ಸಣ್ಣದೊಂದು ಗ್ರೈಂಡರ್ ಬೇಕೆಂದು ಬಂದಿದ್ದರು. ಇಳಕಲ್ ಸೀರೆ, ಕಾಲಿಗೆ ಓಡುವವರ ಶೂ. ನಾನು ದರ ಹೇಳಿದೆ. ಕೇಳಿಸಿಕೊಂಡಂತೆ ಕಾಣಲಿಲ್ಲ. ಗ್ರೈಂಡರಿನ ಕಲ್ಲನ್ನು ಬೆರಳಲ್ಲಿ ಸವರುತ್ತ ಕೇಳಿದರು:

“ಇದೇ ಥರದ್ದು ಇನ್ಯಾರಿಗೆ ಮಾರಿದೀರಿ?”

“ಯಾಕ್ರಿ ಮೇಡಂ? ನನ್ನ ಮಾತಿನ ಮ್ಯಾಲ ಭರೋಸಾ ಇಲ್ಲೇನ್ರಿ?”

“ಇದೆ. ಆದ್ರೆ ನೀವು ಮಾರೋರು, ಅವ್ರು ರುಬ್ಬೋರು. ಅವ್ರ ಹತ್ರ ಮಾತಾಡ್ಬೇಕು.”

ಬೊರಿವಲಿಯ ಒಬ್ಬ ಗಿರಾಕಿಗೆ ಫೋನ್ ಹಚ್ಚಿಕೊಟ್ಟೆ. ಇಬ್ಬರೂ ಅಕ್ಕಿ, ಉದ್ದು, ಕಲ್ಲಿನ ಬಿಸಿ ಎಂದು ಬಹಳ ಹೊತ್ತು ಮಾತಾಡಿದರು. ಫೋನ್ ವಾಪಸು ಕೊಟ್ಟು, ಚೌಕಾಸಿಯನ್ನೇ ಮಾಡದೆ, ನಾನು ಹೇಳಿದ ದರಕ್ಕೇ ಗ್ರೈಂಡರ್ ಕೊಂಡರು. ನನಗೆ ಒಳಗೊಳಗೇ ಬೇಜಾರಾಯಿತು. ಚೌಕಾಸಿ ಇಲ್ಲದ ವ್ಯಾಪಾರ ಒಗ್ಗರಣೆ ಇಲ್ಲದ ಸಾರಿನಂತೆ, ಬಾಯಿಗೆ ಹತ್ತುವುದಿಲ್ಲ.

ಹೊರಡುವ ಮೊದಲು ಅವರು ಇನ್ನೊಂದು ಮಾತು ಕೇಳಿದರು. “ನಿಮ್ಮ ಗಿರಾಕಿಗಳು ಒಬ್ಬರಿಗೊಬ್ರು ಮಾತಾಡ್ತಾರಾ?”

ಆಗ ನಮ್ಮ ಮಂಡಳಿಯ ವಿಷಯ ಹೇಳಿದೆ. ಉಪನಗರಗಳಲ್ಲಿ ಸಣ್ಣ ಹೋಟೆಲ್ ನಡೆಸುವ ಕನ್ನಡದವರು, ಅವರಿಗೆ ಸಾಮಾನು ಕೊಡುವ ನನ್ನಂಥವರು ಸೇರಿ ಮಾಡಿಕೊಂಡದ್ದು. ತಿಂಗಳಿಗೊಮ್ಮೆ ಸಾಂತಾಕ್ರೂಜಿನ ಒಂದು ಹಾಲಿನಲ್ಲಿ ಸಭೆ. ಹೊಸ ಯಂತ್ರ ಬಂದಿದ್ದರೆ ತೋರಿಸುವುದು, ಊಟ, ಹರಟೆ. ಬಂದವರೆಲ್ಲ ಬಾಗಿಲಲ್ಲಿ ಒಂದು ಕಾಗದದ ಮೇಲೆ ನಂಬರು ಗೀಚಿ ಹೋಗುತ್ತಿದ್ದರು. ಸಂಚಾಲಕನಾದ ನಾನು ಆ ಕಾಗದ ಹಿಡಿದು ಒಂದೊಂದೇ ನಂಬರನ್ನು ಬಳಗಕ್ಕೆ ಸೇರಿಸಬೇಕು. ಒಂದೋ ಏಳೋ ತಿಳಿಯದೆ ಒಮ್ಮೆ ಗೋರೆಗಾಂವದ ಒಬ್ಬ ಹಲ್ಲಿನ ಡಾಕ್ಟರನ್ನು ಸೇರಿಸಿದ್ದೆ. ಅವರು ಮಳೆಗಾಲವಿಡೀ ನಮ್ಮಲ್ಲೇ ಸುಮ್ಮನಿದ್ದು, ಕೊನೆಗೊಂದು ದಿನ ಒಳ್ಳೆಯ ಇಡ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದರು.

ಮೇಡಂ ಇದನ್ನು ಕೇಳಿ ನಗಲಿಲ್ಲ. ಕೈಗಡಿಯಾರ ಬಿಚ್ಚಿ ಪರ್ಸಿನೊಳಗೆ ಹಾಕಿದರು. ಅವರಿಗೆ ಒಂದು ವಿಷಯದಲ್ಲಿ ಆಸೆ ಹುಟ್ಟಿತೆಂದರೆ ಮೊದಲು ಆಗುವುದು ಅದು. ಈ ಗುರುತು ನನಗೆ ಆಮೇಲೆ ಎಷ್ಟೋ ಸಲ ಉಪಯೋಗಕ್ಕೆ ಬಂತು.

ಮೈಸೂರಿನವರು. ಸಮ್ಮೇಳನಗಳ ನೋಂದಣಿಗೆ ತಂತ್ರಾಂಶ ಮಾಡುವ ಪವಾಯಿಯ ಒಂದು ಕಂಪನಿಯಲ್ಲಿ ಬಹಳ ವರ್ಷ ದುಡಿದಿದ್ದರು. ಕಂಪನಿ ಕೈ ಬದಲಾದಾಗ ಹೊರಗೆ ಬಂದರು. “ದೊಡ್ಡ ದೊಡ್ಡ ಸಮ್ಮೇಳನಗಳಿಗೆ ಬಾಗಿಲು ಕಟ್ಕೊಟ್ಟೆ ಸಾಹೇಬ್ರೇ. ಬಾಗಿಲಿಂದ ಒಳಗೆ ಬಂದೋರು ಆಮೇಲೆ ಏನಾದ್ರು ಅಂತ ಅಲ್ಲಿ ಯಾರೂ ಕೇಳ್ಲಿಲ್ಲ” ಎಂದರು. ನಮ್ಮಲ್ಲಿ ಅದನ್ನು ಕೇಳುವ ಆಸೆ ಅವರಿಗೆ. ನಮ್ಮ ನೋಂದಣಿ, ಬಳಗ ಎರಡನ್ನೂ ಕಟ್ಟಿಕೊಡುತ್ತೇನೆ ಎಂದರು.

ನಾನು ಸಂಭಾವನೆಯಲ್ಲಿ ಚೌಕಾಸಿ ಶುರುಮಾಡಿದೆ. ಅವರದು ಬೇರೆಯೇ ತಕ್ಕಡಿ. “ಕಮ್ಮಿ ಮಾಡ್ಬೇಕಾ? ಮಾಡೋಣ. ಯಾವ ಮೆಟ್ಟಿಲು ತೆಗೀಲಿ ಹೇಳಿ. ನೋಂದಣಿ ಮಾಡ್ದೋರಿಗೆ ನೆನಪಿನ ಸಂದೇಶ ಬೇಡ್ವಾ? ಬರದೇ ಇದ್ದೋರನ್ನ ವಿಚಾರಿಸೋದು ಬೇಡ್ವಾ?” ಒಂದೊಂದು ಮೆಟ್ಟಿಲು ತೆಗೆದಾಗಲೂ ಯಾರೋ ಒಬ್ಬ ಬಡಪಾಯಿ ಅಲ್ಲಿಂದ ಕೆಳಗೆ ಬೀಳುವುದು ನನ್ನ ಕಣ್ಣಿಗೆ ಕಾಣತೊಡಗಿತು. ಎಲ್ಲ ಮೆಟ್ಟಿಲೂ ಇರಲಿ ಎಂದೆ. ವ್ಯಾಪಾರಿಗಳಿಗೆ ಇದೊಂದು ಬುದ್ಧಿಮಾತು: ದರ ಕಡಿಮೆ ಮಾಡಲು ಕೇಳಿದಾಗ ದರದ ಬಗ್ಗೆ ಮಾತಾಡಬೇಡಿ, ಏನು ಹೋಗುತ್ತದೆ ಎನ್ನುವುದನ್ನು ಮಾತಾಡಿ. ನಾನು ಈಗ ಹಾಗೇ ಮಾಡುತ್ತೇನೆ. ನಡೆಯುತ್ತದೆ.

ಕಂಪ್ಯೂಟರ್ ತೆರೆಯುವ ಮೊದಲು ಅವರು ನಮ್ಮನ್ನು ನಡೆಸಿದರು. ನಿಜವಾಗಿಯೂ ನೆಲದ ಮೇಲೆ ನಡೆಸಿದರು. ಮಧ್ಯಾಹ್ನ, ಖಾಲಿ ಹಾಲು. ಬಾಗಿಲ ಹೊರಗೆ ನಮ್ಮ ಮಂಡಳಿಯ ಅಧ್ಯಕ್ಷರನ್ನು ನಿಲ್ಲಿಸಿ, “ನೀವು ನೋಂದಣಿ ಅರ್ಜಿ” ಎಂದರು. ಸಾಂತಾಕ್ರೂಜಿನಲ್ಲಿ ಹೋಟೆಲ್ ನಡೆಸುವ, ಕುಂದಾಪುರದ ಕಡೆಯ ಹಿರಿಯರು ಅವರು. ಬಾಗಿಲೊಳಗೆ ನಾನು ನಿಂತೆ, ಬಂದವರನ್ನು ಗುರುತು ಹಾಕಿಕೊಳ್ಳುವವನಾಗಿ. ವೇದಿಕೆಯ ಹತ್ತಿರ ಖಜಾಂಚಿಗಳು, ಅವರೇ ಆನ್‌ಲೈನ್ ಬಳಗ. ಮೇಡಂ ಅಧ್ಯಕ್ಷರ ಕೈಗೆ ಒಂದು ಸ್ಟೀಲ್ ಲೋಟ ಕೊಟ್ಟರು.

“ಈ ಲೋಟ ಗಿರಾಕಿ. ಮುಂದೆ ಕಳಿಸಿ.”

“ಖಾಲಿ ಉಂಟಲ್ಲ ಮೇಡಂ,” ಎಂದರು ಅಧ್ಯಕ್ಷರು. “ಕಾಫಿ ಹಾಕಿ ಕೊಟ್ರೆ ಗಿರಾಕಿಗೂ ಹುರುಪು, ಅರ್ಜಿಗೂ ಹುರುಪು.”

“ಕೆಲ್ಸ ಆಗ್ಲಿ, ಆಮೇಲೆ ಕಾಫಿ.”

ಲೋಟ ನನ್ನ ಕೈಗೆ ಬಂತು. ಅಷ್ಟರಲ್ಲಿ ನನಗೊಂದು ಫೋನ್. ಮುಲುಂಡಿನಿಂದ ಯಾರೋ ಸ್ಟೀಮರ್ ಕೇಳುತ್ತಿದ್ದರು. ನಾನು ಲೋಟ ಹಿಡಿದುಕೊಂಡೇ ಮಾತಾಡುತ್ತ ಕಿಟಕಿಯ ಹತ್ತಿರ ಹೋದೆ. ಮಾತು ಮುಗಿಸಿ ತಿರುಗಿದರೆ ಹಾಲಿನಲ್ಲಿ ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದಾರೆ.

“ನೋಡಿದ್ರಾ, ಲೋಟ ನಿಲ್ಲೋದು ಇಲ್ಲಿ,” ಎಂದರು ಮೇಡಂ. “ಸಾಹೇಬ್ರನ್ನ ತೆಗೀತೀನಿ.”

“ನನ್ನ ತಗೀತೀರೇನ್ರಿ?”

“ನಿಮ್ಮನ್ನಲ್ಲ, ನಿಮ್ಮ ಕೈನ.”

ಅವರು ಕಟ್ಟಿದ ವ್ಯವಸ್ಥೆ ಇಷ್ಟೇ. ಸಭೆಗೆ ಬರುವವರು ಫೋನಿನಲ್ಲಿ ಅರ್ಜಿ ತುಂಬುತ್ತಾರೆ. ಕೂಡಲೇ ಅವರ ಫೋನಿಗೆ ಒಂದು ಚೌಕದ ಗುರುತು, ಅಂದರೆ ಕ್ಯೂಆರ್ ಕೋಡ್, ಬರುತ್ತದೆ. ಬಾಗಿಲಲ್ಲಿ ಅದನ್ನು ತೋರಿಸಿದರೆ ಬಂದರೆಂದು ಲೆಕ್ಕ. ಬಂದವರು ಅದೇ ಗಳಿಗೆಯಲ್ಲಿ ಬಳಗದ ಸರಿಯಾದ ಕೋಣೆಗೆ ಸೇರುತ್ತಾರೆ: ಯಂತ್ರ ಕೊಳ್ಳುವವರದು ಒಂದು ಕೋಣೆ, ರಿಪೇರಿಯದು ಒಂದು, ಕೆಲಸಕ್ಕೆ ಜನ ಹುಡುಕುವವರದು ಒಂದು. ಬಾರದವರಿಗೆ ‘ಯಾಕೆ ಬರಲಿಲ್ಲ, ಮುಂದಿನ ತಿಂಗಳು ಬನ್ನಿ’ ಎಂಬ ಸಂದೇಶ. ನಡುವೆ ಮನುಷ್ಯರ ಕೈಯೇ ಇಲ್ಲ. ಒಬ್ಬನೇ ಮನುಷ್ಯ ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಹೋಟೆಲಿನ ಹೆಸರಿನಲ್ಲಿ ಅರ್ಜಿ ತುಂಬಿದರೆ ಏನು ಮಾಡುವುದು ಎಂದು ಕೇಳಿದೆ. “ಹೆಸ್ರು ನಂಬಲ್ಲ, ನಂಬರ್ ನಂಬ್ತೀನಿ. ಒಂದು ನಂಬರ್ ಅಂದ್ರೆ ಒಬ್ಬ ಮನುಷ್ಯ” ಎಂದರು.

ಹೋಟೆಲಿನವರಿಗೆ ಇದು ತಲೆಗೆ ಹೋಗದಿದ್ದಾಗ ಅವರು ಲೋಕಲ್ ಟ್ರೇನಿನ ಹೆಂಗಸರ ಡಬ್ಬಿಯ ಕತೆ ಹೇಳುತ್ತಿದ್ದರು. ಅಲ್ಲಿ ನಿಂತವಳು ಕೂತವಳನ್ನು ಎಲ್ಲಿ ಇಳಿಯುತ್ತೀ ಎಂದು ಕೇಳಿ ಸೀಟು ಹೇಳಿಟ್ಟುಕೊಳ್ಳುತ್ತಾಳೆ. ಅದು ನೋಂದಣಿ. ಅಂಧೇರಿಯಲ್ಲಿ ಸೀಟು ಸಿಕ್ಕಿ ಕೂತ ಮೇಲೆ ಪಕ್ಕದವಳ ಜೊತೆ ಬಟಾಣಿ ಸುಲಿಯುತ್ತ ಮಾತಿಗಿಳಿಯುತ್ತಾಳೆ. ಅದು ಬಳಗ. “ಸೀಟು ಕೊಟ್ಟು ಮಾತಾಡ್ಸದೇ ಇದ್ರೆ ಅದು ಬರೀ ಬೆಂಚು” ಎನ್ನುತ್ತಿದ್ದರು. ಫಸ್ಟ್ ಕ್ಲಾಸ್ ಪಾಸಿದ್ದರೂ ಅವರು ಸೆಕೆಂಡ್ ಕ್ಲಾಸಿನಲ್ಲೇ ಓಡಾಡುತ್ತಿದ್ದುದು ಇದಕ್ಕೇ ಇರಬೇಕು.

ಮೊದಲ ಸಭೆಯ ಮರುದಿನ ಬೆಳಿಗ್ಗೆ ಬಳಗಕ್ಕೆ ತಾನಾಗಿ ಒಂದು ಪ್ರಶ್ನೆ ಹೋಯಿತು. “ನಿಮ್ಮ ಅಡುಗೆಮನೆಯಲ್ಲಿ ಈಗ ಕೈಕೊಟ್ಟಿರುವುದು ಯಾವುದು?” ನಾನು ಅಂಗಡಿಯ ಶಟರ್ ಎತ್ತುವಷ್ಟರಲ್ಲಿ ಉತ್ತರಗಳು ಸುರಿಯುತ್ತಿದ್ದವು. ಮಾಲಾಡಿನವರ ಸ್ಟೀಮರ್ ಸೋರುತ್ತಿದೆ, ಮುಲುಂಡಿನವರ ಫ್ರೀಜರ್ ಬಾಗಿಲು ಮುಚ್ಚುತ್ತಿಲ್ಲ, ಭಾಂಡುಪಿನವರ ಹತ್ತಿರ ಅಂಥದೇ ಬಾಗಿಲು ಬಿದ್ದಿದೆ. ಯಾರೂ ನನ್ನನ್ನು ಕೇಳದೆ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಿದ್ದಾರೆ. ಮೊದಲು ನನ್ನ ವ್ಯಾಪಾರ ಹೋಯಿತೆಂದೇ ಅಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ತಿಂಗಳುಗಟ್ಟಲೆ ಧೂಳು ತಿನ್ನುತ್ತಿದ್ದ ಎರಡು ಹಂಚು, ಒಂದು ಸ್ಟೀಮರ್ ಅಂಗಡಿಯಿಂದ ಹೊರಟುಹೋದವು. ಮಾತಾಡುವ ಗಿರಾಕಿ ಕೊಳ್ಳುತ್ತಾನೆ. ಮಾತಾಡದ ಗಿರಾಕಿ ದರ ಕೇಳಿ ಹೋಗುತ್ತಾನೆ. ಕುಣಿಯುವುದೊಂದು ಬಾಕಿ. ಮೇಡಂಗೆ ಫೋನ್ ಮಾಡಿದೆ.

“ನನಗ್ಯಾಕೆ ಫೋನ್ ಮಾಡಿದ್ರಿ? ಏನಾದ್ರೂ ಕೆಟ್ಟಿದ್ಯಾ?”

“ಇಲ್ರಿ. ಖುಷಿ ಆತು, ಹೇಳೂಣಂತ ಮಾಡಿದೆ.”

“ಅದನ್ನ ಬಳಗದಲ್ಲಿ ಬರೀರಿ,” ಎಂದು ಇಟ್ಟುಬಿಟ್ಟರು.

ಹೀಗೆ ಕೆಲವು ತಿಂಗಳು ಕುದುರೆಯ ಹಾಗೆ ಓಡಿತು. ಆಮೇಲೆ ಎಡವಿತು. ಎಡವಿದ್ದು ಯಂತ್ರವಲ್ಲ.

ನಮ್ಮ ಹೋಟೆಲುಗಳಲ್ಲಿ ಅಡುಗೆಯವರನ್ನು, ಊರು ಜಾತಿ ಯಾವುದಿದ್ದರೂ, ಭಟ್ಟರೆಂದೇ ಕರೆಯುವುದು. ಅಧ್ಯಕ್ಷರ ಹೋಟೆಲಿನಲ್ಲಿ ದೋಸೆ ಭಟ್ಟರೊಬ್ಬರಿದ್ದರು. ಅವರ ಕೈಯ ದೋಸೆಗೆಂದೇ ವಿಮಾನ ನಿಲ್ದಾಣದ ಕಡೆಯಿಂದ ಜನ ಬರುತ್ತಿದ್ದರು. ಒಂದು ದಿನ ಅವರು ಕೆಲಸಕ್ಕೆ ಬರಲಿಲ್ಲ. ಮರುದಿನವೂ ಇಲ್ಲ. ಊರಿಗೆ ಹೋದರೆಂದು ತಿಳಿಯಿತು. ಅಧ್ಯಕ್ಷರಿಗೆ ಸಿಟ್ಟು ನೆತ್ತಿಗೇರಿತು. ಬಳಗದ ‘ಜನ ಬೇಕು’ ಕೋಣೆಯಲ್ಲಿ ಬರೆದರು: “ನಮ್ಮ ದೋಸೆ ಭಟ್ಟರು ಹೇಳದೆ ಕೇಳದೆ ಓಡಿಹೋಗಿದ್ದಾರೆ. ನಂಬಿಕೆಗೆ ಯೋಗ್ಯರಲ್ಲ. ನಮ್ಮವರು ಯಾರೂ ಕೆಲಸ ಕೊಡಬಾರದು.” ಕೆಳಗೆ ಹೋಟೆಲಿನವರ ಹೆಬ್ಬೆರಳುಗಳು ಸಾಲಾಗಿ ಎದ್ದವು.

ಭಟ್ಟರು ಊರಿಂದ ಬಂದರು. ಹಳೆಯ ಜಾಗದಲ್ಲಿ ದಿನಗೂಲಿಯ ಬೇರೆಯವನು ನಿಂತಿದ್ದ. ಅಂಧೇರಿಗೆ ಹೋದರು, ದಹಿಸರಿಗೆ ಹೋದರು, ಎಲ್ಲ ಕಡೆ ಮುಖ ನೋಡಿದ ಕೂಡಲೇ ಜಾಗ ಇಲ್ಲ ಎಂದರು. ದೋಸೆ ಹಂಚಿನ ಮುಂದೆ ನಿಲ್ಲುವುದು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದವರು ಅವರು. ಹೀಗೇ ಆದರೆ ಮುಂಬಯಿಯನ್ನೇ ಬಿಡಬೇಕು. ಯಾಕೆಂದೇ ಅವರಿಗೆ ಹೊಳೆಯಲಿಲ್ಲ. ತಮ್ಮ ಟ್ರಂಕು ತೆಗೆದುಕೊಂಡು ಹೋಗಲು ಅಧ್ಯಕ್ಷರ ಹೋಟೆಲಿಗೆ ಹೋದ ದಿನ ಗಲ್ಲಾದಲ್ಲಿ, ಅಂದರೆ ದುಡ್ಡು ತೆಗೆದುಕೊಳ್ಳುವ ಕೌಂಟರಿನಲ್ಲಿ, ಅಧ್ಯಕ್ಷರಿರಲಿಲ್ಲ. ಅಲ್ಲಿ ಕೂತಿದ್ದ ಕ್ಯಾಶಿಯರ್ ಗಲ್ಲಾದ ಫೋನನ್ನು ಮೆಲ್ಲಗೆ ಅವರ ಮುಂದೆ ಸರಿಸಿದ. ಓದಿದರು. ಅದೇ ಫೋನಿನಲ್ಲಿ, ಅದೇ ಕೋಣೆಯಲ್ಲಿ, ಉತ್ತರ ಬರೆದರು:

“ನಾನು ಓಡಿಹೋದದ್ದಲ್ಲ. ಅಕ್ಕನಿಗೆ ಆಪರೇಷನ್ ಉಂಟು, ಊರಿಗೆ ಹೋಗ್ತೇನೆ ಅಂತ ಧಣಿಗಳ ಎದುರು ನಿಂತು ಹೇಳಿದ್ದೆ. ಅವರು ಆಯ್ತು ಅಂತ ತಲೆ ಆಡಿಸಿದ್ದರು. ಹೇಳಿಯೇ ಹೋದದ್ದು.”

ಈಗ ಬಳಗದಲ್ಲಿ ಏನು ಕಾಣಿಸಿತು ನೋಡಿ. ಮೊದಲು ಆ ಹೋಟೆಲಿನ ಹೆಸರಿನಲ್ಲಿ ಆರೋಪ ಬಂದಿತ್ತು, ಕೆಲವು ದಿನ ಕಳೆದು ಅದೇ ಹೋಟೆಲಿನ ಹೆಸರಿನಲ್ಲಿ ಅದಕ್ಕೆ ಉತ್ತರ. ನಾವು ತಲೆ ಕೆರೆದುಕೊಳ್ಳುತ್ತಿರುವಾಗಲೇ ಇನ್ನಷ್ಟು ಉತ್ತರಗಳು ಬಂದವು. ಮಾಲಾಡಿನ ಹೋಟೆಲ್: “ಭಟ್ಟರು ಹೇಳುವುದು ನಿಜ, ಅವರು ಸುಳ್ಳಾಡುವವರಲ್ಲ.” ಭಾಂಡುಪಿನ ಹೋಟೆಲ್: “ರಜೆ ಕೇಳುವುದು ಓಡಿಹೋಗುವುದಾ?” ಮುಲುಂಡಿನ ಹೋಟೆಲ್: “ನಮ್ಮಲ್ಲೂ ಹೀಗೇ.” ಮಾಲಾಡಿನ ಮಾಲೀಕ ಆಗ ನನ್ನ ಅಂಗಡಿಯಲ್ಲೇ ಕೂತು ಚಹಾ ಕುಡಿಯುತ್ತಿದ್ದ. ನನ್ನ ಫೋನಿನಲ್ಲಿ ಅದನ್ನು ಓದಿ ಎದ್ದು ನಿಂತ. “ಭಾಯ್, ನಾನು ಇಲ್ಲಿದ್ದೇನೆ. ಹಾಗಾದ್ರೆ ಅಲ್ಲಿ ಬರೆಯುದು ಯಾರು?”

ವಿಷಯ ಇದು. ನಮ್ಮ ಹೋಟೆಲಿನವರು ಸ್ವಂತ ನಂಬರನ್ನು ಯಾರಿಗೂ ಕೊಡುವುದಿಲ್ಲ. ಕೊಟ್ಟರೆ ಸಾಲ ಕೇಳುವವರು, ದೇಣಿಗೆ ಕೇಳುವವರು, ನಮ್ಮಂಥ ಸಾಮಾನು ಮಾರುವವರು ಬಿಡುವುದಿಲ್ಲವಲ್ಲ. ಎಲ್ಲ ಅರ್ಜಿಯಲ್ಲೂ ಅವರು ತುಂಬುವುದು ಗಲ್ಲಾದ ಫೋನಿನ ನಂಬರು. ಸಭೆಯ ದಿನ ಮಾತ್ರ ಆ ಫೋನನ್ನು ಜೇಬಿಗೆ ಹಾಕಿಕೊಂಡು ಬರುತ್ತಾರೆ. ಆ ಫೋನನ್ನು ಬೆಳಿಗ್ಗೆ ಕ್ಯಾಶಿಯರ್ ಎತ್ತುತ್ತಾನೆ, ಮಧ್ಯಾಹ್ನ ಸಪ್ಲೈಯರ್ ಎತ್ತುತ್ತಾನೆ, ಸಂಜೆ ಭಟ್ಟರು ಕೈ ಒರೆಸಿಕೊಂಡು ಎತ್ತುತ್ತಾರೆ. ಮಾಲೀಕರ ಗುಟ್ಟಿನ ಕೋಣೆ ಎಂದುಕೊಂಡದ್ದನ್ನು ಮೊದಲ ದಿನದಿಂದ ಇಡೀ ಅಡುಗೆಮನೆ ಓದುತ್ತಿತ್ತು.

ಅಧ್ಯಕ್ಷರು ಕೆಂಡವಾದರು. ಮೇಡಂ, ನಾನು, ಅವರು, ಮೂವರೂ ಅವರ ಹೋಟೆಲಿನ ಮೂಲೆಯ ಮೇಜಿನಲ್ಲಿ ಕೂತೆವು.

“ಇದೆಂಥದು ಮಾರಾಯ್ರೆ, ನನ್ನ ಹೋಟೆಲಿಂದ ನನಗೇ ಉತ್ತರವಾ? ಎಲ್ಲ ಅಳಿಸಿ ಮೇಡಂ. ಮತ್ತೆ ಯಾವ ಹೋಟೆಲಿಂದ ಯಾರು ಬರೆದದ್ದು ಅಂತ ಹುಡುಕಿ ಕೊಡಿ. ನಿಮ್ಮ ಸಿಸ್ಟಮಿಗೆ ಗೊತ್ತುಂಟಲ್ಲ.”

“ಸಿಸ್ಟಮ್ಮಿಗೆ ನಂಬರ್ ಗೊತ್ತು, ಬೆರಳು ಗೊತ್ತಿಲ್ಲ.”

“ಹುಡುಕದಿದ್ರೆ ನಿಮ್ಮ ಕೆಲಸ ಇಲ್ಲಿಗೆ ಸಾಕು.”

“ಆಗ್ಲಿ. ಆದ್ರೆ ತಪ್ಪು ಎಲ್ಲಿ ಆಯ್ತು ಅಂತ ನೋಡದೆ ಹೋಗಲ್ಲ. ಒಂದು ನಂಬರ್ ಅಂದ್ರೆ ಒಬ್ಬ ಮನುಷ್ಯ ಅಂದ್ಕೊಂಡೋಳು ನಾನು. ಬಾಗಿಲು ನಡೆದು ನೋಡಿದ್ವಿ, ಬಳಗ ನಡೆದು ನೋಡಿದ್ವಿ. ಗಲ್ಲಾದ ತನಕ ನಡೀಲೇ ಇಲ್ಲ.” ಕೈಗಡಿಯಾರ ಪರ್ಸಿನೊಳಗೆ ಹೋಯಿತು. “ನಾಳೆಯಿಂದ ಇಲ್ಲಿ ಕೂತ್ಕೋತೀನಿ. ಕಾಫಿ ಕೊಡ್ತಾ ಇರಿ.”

ಹೇಳಿದಂತೆಯೇ ಬಂದು ಕೂತರು. ಗಲ್ಲಾದ ಪಕ್ಕದ ಸಣ್ಣ ಮೇಜು, ಕಾಫಿಯ ಮೇಲೆ ಕಾಫಿ. ಸಕ್ಕರೆ ಜಾಸ್ತಿ ಎಂದು ಪ್ರತಿ ಲೋಟಕ್ಕೂ ತಕರಾರು, ಆದರೂ ಬಿಡದೆ ಕುಡಿಯುವುದು. ಸಾಂಬಾರಿಗೆ ಬೆಲ್ಲ ಯಾಕೆ ಹಾಕುತ್ತೀರಿ ಎಂದು ಸಪ್ಲೈಯರುಗಳ ಜೊತೆ ಜಗಳ. ಒಂದು ಸಂಜೆ ನನಗೆ ಫೋನ್ ಮಾಡಿ ಬರಹೇಳಿದರು. ಹೋದಾಗ ಟಿಫಿನ್ ಹೊತ್ತು, ಕಾಲಿಡಲು ಜಾಗವಿಲ್ಲ. ಅಧ್ಯಕ್ಷರು ಗಲ್ಲಾದಲ್ಲಿದ್ದರು. ಒಂದು ಕಿವಿಯಲ್ಲಿ ಗ್ಯಾಸಿನವನ ಫೋನು, ಕೈ ಚಿಲ್ಲರೆ ಎಣಿಸುತ್ತಿದೆ, ಸಪ್ಲೈಯರುಗಳು ದೂರದಿಂದಲೇ ಬಿಲ್ಲು ಕೂಗುತ್ತಿದ್ದಾರೆ.

“ಅವ್ರ ತಲೆ ನೋಡಿ,” ಎಂದರು ಮೇಡಂ ಮೆಲ್ಲಗೆ.

ನೋಡಿದೆ. ಎರಡು ಮಸಾಲೆ ಒಂದು ಕಾಫಿ ಎಂದರೆ ತಲೆ ಆಡುತ್ತದೆ. ಬರ್ತೇವೆ ಎಂದು ಗಿರಾಕಿ ಹೊರಟರೆ ಆಡುತ್ತದೆ. ಹಾಲಿನವನು ನಾಳೆ ಎಂದರೆ ಆಡುತ್ತದೆ. ಗಾಳಿಗೆ ಕ್ಯಾಲೆಂಡರ್ ಆಡಿದ ಹಾಗೆ. ಗಲ್ಲಾದಲ್ಲಿ ವರ್ಷಗಟ್ಟಲೆ ಕೂತವರ ಕುತ್ತಿಗೆಯೇ ಹಾಗಾಗಿಬಿಟ್ಟಿರುತ್ತದೆ. ನಾನು ಅಷ್ಟು ಹೋಟೆಲು ಹತ್ತಿ ಇಳಿದವನು, ಒಂದು ದಿನವೂ ಗಮನಿಸಿರಲಿಲ್ಲ.

ಮೇಡಂ ಖಾಲಿ ಲೋಟ ಹಿಡಿದು ಗಲ್ಲಾದ ಮುಂದೆ ಹೋಗಿ ನಿಂತರು. “ಅಧ್ಯಕ್ಷರೇ, ಮುಂದಿನ ಸಭೆ ಲೋನಾವಳಾದಲ್ಲಿ ಇಡ್ತೀನಿ. ಎಲ್ಲರ ಊಟ ನಿಮ್ದು.” ತಲೆ ಆಡಿತು. ನನಗೆ ಕಣ್ಣು ಮಿಟುಕಿಸಿದರು. ನಾನು ಬಿಡುವವನೇ? “ಅಧ್ಯಕ್ಷರ, ನನ್ನ ದೊಡ್ಡ ಫ್ರೀಜರ್ ನಾಳಿ ಮುಂಜಾನಿ ಕಳಸ್ಲೇನ್ರಿ?” ಅದಕ್ಕೂ ಆಡಿತು.

“ಕಳಿಸಿ,” ಎಂದರು ಮೇಡಂ.

ಮರುದಿನ ಬೆಳಿಗ್ಗೆ ಟೆಂಪೋದಲ್ಲಿ ಫ್ರೀಜರ್ ಹೊರಟಿತು. ಹಿಂದೆಯೇ ನಾವಿಬ್ಬರೂ ಹೋದೆವು. ಬೀರುವಿನಷ್ಟು ಎತ್ತರದ ಫ್ರೀಜರ್ ಹೋಟೆಲಿನ ಬಾಗಿಲಿಗೆ ಅಡ್ಡ ನಿಂತಿತ್ತು. ಅಧ್ಯಕ್ಷರು ಫುಟ್‌ಪಾತಿನಲ್ಲಿ ನಿಂತು ಟೆಂಪೋದವನ ಮೇಲೆ ಕೂಗಾಡುತ್ತಿದ್ದರು.

“ಎಂಥ ಫ್ರೀಜರ್ ಭಾಯ್? ಯಾರು ಕೇಳಿದ್ದು ನಿಮ್ಮ ಹತ್ರ?”

“ನೀವ ಹ್ಞೂಂ ಅಂದ್ರಿ. ನಿನ್ನೆ ಸಂಜಿಕ. ತಲಿ ಆಡ್ಸಿದ್ರಿ.”

“ನಾನಾ? ಯಾವಾಗ?”

“ಎಲ್ಲರಿಗೂ ಲೋನಾವಳಾದಲ್ಲಿ ಊಟಾನೂ ಹಾಕಿಸ್ತೀನಿ ಅಂತ ಒಪ್ಕೊಂಡಿದೀರಿ,” ಎಂದರು ಮೇಡಂ.

ಅಧ್ಯಕ್ಷರು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು, ಒಮ್ಮೆ ಫ್ರೀಜರನ್ನು ನೋಡಿದರು. ಆಮೇಲೆ ಒಳಗೆ ತಿರುಗಿ, ಖಾಲಿ ಇದ್ದ ಗಲ್ಲಾದ ಕುರ್ಚಿಯನ್ನು ನೋಡಿದರು. ಸಣ್ಣ ದನಿಯಲ್ಲಿ, “ಭಟ್ರು ಸಹ ಅಲ್ಲಿಯೇ ನಿಂತು ಹೇಳಿದ್ದಾ?” ಎಂದರು.

“ಟಿಫಿನ್ ಹೊತ್ತಲ್ಲಿ,” ಎಂದರು ಮೇಡಂ. “ಕ್ಯಾಶಿಯರ್ ನೋಡಿದಾನಂತೆ.”

ಫ್ರೀಜರ್ ವಾಪಸು ಬಂತು. ಎರಡೂ ಕಡೆಯ ಟೆಂಪೋ ಬಾಡಿಗೆ ನನ್ನದೇ. ಅಷ್ಟು ಖುಷಿಯಿಂದ ನಾನು ಯಾವ ಬಾಡಿಗೆಯನ್ನೂ ಕೊಟ್ಟದ್ದಿಲ್ಲ.

ಅಧ್ಯಕ್ಷರು ಅಲ್ಲೇ ಗಲ್ಲಾದ ಫೋನು ಎತ್ತಿಕೊಂಡು ಬರೆಯಲು ಹೊರಟರು. ಮೇಡಂ ತಡೆದರು. “ಅದರಲ್ಲಿ ಬೇಡ. ಅದು ಹೋಟೆಲು. ನೀವು ಇನ್ನೂ ಬಳಗಕ್ಕೆ ಸೇರೇ ಇಲ್ಲ.” ಅಂಗಿಯ ಒಳಜೇಬಿನಿಂದ ಸ್ವಂತ ಫೋನು ತೆಗೆಸಿ, ಎಲ್ಲರಂತೆ ಅರ್ಜಿ ತುಂಬಿಸಿ, ಅಧ್ಯಕ್ಷರನ್ನು ಅವರದೇ ಮಂಡಳಿಗೆ ಹೊಸ ಸದಸ್ಯರಾಗಿ ಸೇರಿಸಿದರು. ‘ಬಳಗಕ್ಕೆ ಸ್ವಾಗತ’ ಎಂದು ಸಂದೇಶವೂ ಬಂತು. ಅದರ ಕೆಳಗೆ ಅವರ ಮೊದಲ ಮಾತು: “ನಮ್ಮ ದೋಸೆ ಭಟ್ಟರು ಹೇಳಿಯೇ ಹೋಗಿದ್ದರು. ಕೇಳಿಸಿಕೊಳ್ಳದೆ ತಲೆ ಆಡಿಸಿದವನು ನಾನು. ಅವರಿಗೆ ಕೆಲಸ ಕೊಡುವವರು ಧಾರಾಳವಾಗಿ ಕೊಡಿ. ನಮ್ಮಲ್ಲಿಗೆ ಬಂದರೂ ಸಂತೋಷ.”

ದೊಡ್ಡ ಮನುಷ್ಯರು. ಅಷ್ಟು ಜನರ ಮುಂದೆ ಹಾಗೆ ಬರೆಯಲು ಎದೆ ಬೇಕು.

ಅರ್ಜಿ ಬದಲಾಯಿತು. ಹೋಟೆಲಿನ ನಂಬರಿಗೆ ಒಂದು ಜಾಗ, ನಿಮ್ಮದೇ ನಂಬರಿಗೆ ಇನ್ನೊಂದು. ಅಷ್ಟೇ ಅಲ್ಲ, ಅಡುಗೆಮನೆಯವರಿಗೂ ಸಭೆಯ ಬಾಗಿಲು ತೆರೆಯಬೇಕೆಂದು ಮೇಡಂ ಪಟ್ಟು ಹಿಡಿದರು. ಕಮಿಟಿಯಲ್ಲಿ ಗುಸುಗುಸು ಶುರುವಾಯಿತು. ಅಲ್ಲಿ ನಾನು ಬಾಯಿ ಹಾಕಿದೆ. “ಗ್ರೈಂಡರ್ ಕೊಳ್ಳೋರು ನೀವು, ಕೆಡಸೋರು ಅವರು. ಕೊಳ್ಳೂ ಮುಂದ ಅವರನ್ನ ಕೇಳಿದ್ರ ವರ್ಷಕ್ಕೆರಡು ಸಲ ನನ್ನ ಮಾರಿ ನೋಡೂದು ತಪ್ಪತೈತಿ.” ನ್ಯಾಯದ ಮಾತಿಗೆ ಬಗ್ಗದವರು ರಿಪೇರಿ ಖರ್ಚಿನ ಮಾತಿಗೆ ಬಗ್ಗಿದರು. ನಿಮಗೂ ಯಾವುದಾದರೂ ಕಮಿಟಿಯನ್ನು ಒಪ್ಪಿಸಬೇಕಾಗಿ ಬಂದರೆ ಈ ದಾರಿ ಹಿಡಿಯಿರಿ.

ಭಟ್ಟರಿಗೆ ಒಂದೇ ದಿನದಲ್ಲಿ ಕರೆಗಳು ಬಂದವು. ಪವಾಯಿಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದು ಸಣ್ಣ ಹೋಟೆಲ್ ನಡೆಸುವ ಒಬ್ಬ ಹೆಂಗಸಿನ ಹತ್ತಿರ ಸೇರಿದರು. ಅಧ್ಯಕ್ಷರು ತಾವೇ ಅಲ್ಲಿಗೆ ಹೋಗಿ, ಹಂಚಿನ ಮುಂದೆ ನಿಂತು ವಾಪಸು ಕರೆದರಂತೆ. ಭಟ್ಟರು ಒಂದು ದೋಸೆ ಹಾಕಿಕೊಟ್ಟು, ಬರುವುದಿಲ್ಲ ಎಂದರಂತೆ. ಆದರೆ ಮುಂದಿನ ಸಭೆಯ ದಿನ ಬಾಗಿಲಲ್ಲಿ ಕೆಲಸ ಹುಡುಕುತ್ತಿದ್ದ ಹೊಸ ಅಡುಗೆಯವರೊಬ್ಬರು ಸ್ವಂತ ಫೋನಿನಲ್ಲಿ ಗುರುತು ತೋರಿಸಿ ಒಳಗೆ ಬಂದರು. ‘ಜನ ಬೇಕು’ ಕೋಣೆಗೆ ಅವರ ಹೆಸರು ತಾನಾಗಿ ಏರಿತು. ನಾವು ನೋಡುತ್ತಿದ್ದ ಹಾಗೇ ಪವಾಯಿಯಿಂದ ಭಟ್ಟರು ಅದರ ಕೆಳಗೆ ಬರೆದರು: “ಇವರು ನನ್ನ ಜೊತೆ ಕಲಿತವರು. ಕೈ ಒಳ್ಳೆಯದುಂಟು. ಸಾಂತಾಕ್ರೂಜಿನ ಧಣಿಗಳು ಮಾತಾಡಿಸಬಹುದು.” ಊಟದ ಹೊತ್ತಿಗೆ ಮಾತಾಗಿ ಹೋಗಿತ್ತು.

ಮೇಡಂ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಪರದೆ ನೋಡುತ್ತ ಕೂತಿದ್ದರು. ನಾನು ಅಷ್ಟು ಸುಮ್ಮನೆ ಅವರನ್ನು ಕಂಡದ್ದೇ ಇಲ್ಲ.

“ನಾವ್ಯಾರೂ ಏನೂ ಮಾಡ್ಲಿಲ್ಲ ನೋಡಿದ್ರಾ, ಸಾಹೇಬ್ರೇ?”

“ನೋಡಿದೆ ಬಿಡ್ರಿ.”

“ಹಾಗಾದ್ರೆ ನಾನು ಹೊರಡ್ಬಹುದು.”

ಹೋದ ವಾರ ಆ ಸಂದೇಶ ಬರೆದು ಹೊರಟೇಬಿಟ್ಟರು. ನಾಸಿಕ್ ಕಡೆ ದ್ರಾಕ್ಷಿ ಬೆಳೆಯುವವರ ಒಂದು ಕೂಟ ಕರೆದಿದೆಯಂತೆ. ಅವರೂ ತಿಂಗಳಿಗೊಮ್ಮೆ ಸೇರುತ್ತಾರೆ, ಆಮೇಲೆ ಮಾತಾಡುವುದಿಲ್ಲವಂತೆ. ಇರಿ ಎಂದು ನಾನು ಏನೆಲ್ಲ ಕೊಡಲು ಹೋದೆ, ಕೇಳಲಿಲ್ಲ. “ಅಲ್ಲಿ ಗಲ್ಲಾ ಇರಲ್ಲ, ಟ್ರ್ಯಾಕ್ಟರ್ ಇರತ್ತೆ. ಅದರ ಮೇಲೆ ಯಾರು ಕೂತಿರ್ತಾರೋ ನೋಡ್ಬೇಕು” ಎಂದಾಗ ಕೈಗಡಿಯಾರ ಆಗಲೇ ಬಿಚ್ಚಿಯಾಗಿತ್ತು. ನಾಸಿಕದವರ ಅದೃಷ್ಟ ನೆನೆದು ನನಗೆ ಹೊಟ್ಟೆಕಿಚ್ಚಾಗುತ್ತಿದೆ, ಸುಳ್ಳು ಯಾಕೆ ಹೇಳಲಿ.

ನಿನ್ನೆ ಸಂಜೆ ಒಂದು ಹಂಚಿನ ವಿಷಯಕ್ಕೆ ಸಾಂತಾಕ್ರೂಜಿಗೆ ಹೋಗಿದ್ದೆ. ಟಿಫಿನ್ ಹೊತ್ತು. ಅಧ್ಯಕ್ಷರು ಗಲ್ಲಾದಲ್ಲಿ, ಕಿವಿಯಲ್ಲಿ ಫೋನು, ಎದುರಿಗೆ ಬಿಲ್ಲು ಕೂಗುವವರ ಸಾಲು. ಹೊಸ ದೋಸೆ ಭಟ್ಟರು ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ನಿಂತರು. “ಧಣಿ, ದೀಪಾವಳಿಗೆ ಊರಿಗೆ ಹೋಗ್ಬೇಕಿತ್ತು.” ಅಧ್ಯಕ್ಷರ ತಲೆ ಅರ್ಧ ಆಡಿತು, ಅಲ್ಲೇ ನಿಂತಿತು. ಗ್ಯಾಸಿನವನು ಮಾತಾಡುತ್ತಿರುವಾಗಲೇ ಫೋನನ್ನು ಗಲ್ಲಾದ ಮೇಲೆ ಮಗುಚಿಟ್ಟರು. ಬಿಲ್ಲು ಕೂಗುತ್ತಿದ್ದ ಸಪ್ಲೈಯರಿಗೆ ಅಂಗೈ ತೋರಿಸಿ ನಿಲ್ಲಿಸಿದರು. ಗಿರಾಕಿಗಳು ಕಾದರು. ಅವರು ಕುರ್ಚಿಯಲ್ಲಿ ಪೂರ್ತಿ ಭಟ್ಟರ ಕಡೆಗೆ ತಿರುಗಿ ಕೇಳಿದರು:

“ಹ್ಞಾಂ, ಈಗ ಹೇಳಿ. ಯಾವತ್ತು ಹೊರಡುದು?”